ಬಂಡಿ ಹತ್ತೇತ್ರೀ ಯಜಮಾನ್ರ!

ಕೊಪ್ಪಳ, ಗಂಗಾವತಿ ಕಡೆ ಗುಡ್ಡದ ಬುಡದಲ್ಲಿ ಸೈಟು ಕೊಂಡವರ ಮುಖದ ಕಳೆಯೇ ಬೇರೆ. ಗಾಳಿ ಚೆನ್ನ, ಬೆಳಿಗ್ಗೆ ನವಿಲು, ಎರಿ (ಕರಿ ಮಣ್ಣಿನ) ಹೊಲದ ಕೆಸರಿಲ್ಲ. ಪಾಯ ತೋಡುವಾಗ 3 ಅಡಿಗೇ ಹಾರೆ ‘ಠಣ್’ ಅಂದರಂತೂ ಮುಗಿದೇಹೋಯಿತು. ‘ಬಂಡಿ ಹತ್ತೇತ್ರೀ ಯಜಮಾನ್ರ, ಇನ್ನ ಏಳು ತಲಿ ಚಿಂತಿಲ್ಲ’ ಎಂದು ಗೌಂಡಿ ಹಾರೆ ಒರಗಿಸಿ ಬೀಡಿ ಹಚ್ಚುತ್ತಾನೆ. ಯಜಮಾನರು ಖುಷಿಗೆ ಎಲ್ಲರಿಗೂ ಮಿರ್ಚಿ-ಮಂಡಾಳ ತರಿಸುತ್ತಾರೆ.

ನಮ್ಮ ಕಡೆ ಬಂಡೆಗೆ ಬಂಡಿ ಅನ್ನುವುದು ರೂಢಿ. ಕೆಲವು ಸೈಟುಗಳಲ್ಲಿ ಅದು ನಿಜಕ್ಕೂ ಬಂಡಿಯೇ, ಸರಿಯುತ್ತದೆ. ಇಲ್ಲಿಯ ಗ್ರಾನೈಟಿನ ಸೀಳುಗಳ ಗುಂಟ ನೀರಿಳಿದು, ಮೂಲೆಗಳು ಮೊದಲು ಕೊಳೆತು ಪುಡಿಗಲ್ಲಿನ ಮಣ್ಣಾಗಿ, ಅಂದರೆ ಗರಸಾಗಿ, ನಡುವೆ ಉರುಟು ಗುಂಡುಗಳು ಉಳಿಯುತ್ತವೆ. ಆನೆಗೊಂದಿಯಲ್ಲಿ ಒಂದರ ಮೇಲೊಂದು ಕೂತು ಫೋಟೋಕ್ಕೆ ಸಿಗುವವು ಸುತ್ತಲ ಗರಸು ತೊಳೆದುಹೋಗಿ ಹೊರಬಿದ್ದ ಗುಂಡುಗಳು. ಅವುಗಳ ಅಣ್ಣತಮ್ಮಂದಿರು ಇನ್ನೂ ನೆಲದೊಳಗೇ ಮಲಗಿದ್ದಾರೆ, ನಿಮ್ಮ ಅಡುಗೆಮನೆಯ ಮೂಲೆಯ ಕೆಳಗೆ.

ಮನೆಯ ಒಂದು ಮೂಲೆ ಗುಂಡಿನ ಮೇಲೆ, ಉಳಿದ ಮೂರು ಸಡಿಲ ಮಣ್ಣಿನ ಮೇಲೆ ಕೂತರೆ, ಆ ಮೂರು ಇಳಿಯುತ್ತವೆ, ಇದೊಂದು ಹಟ ಹಿಡಿಯುತ್ತದೆ. ಒಂದೆರಡು ಮಳೆಗಾಲದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ, ಬಾಗಿಲಿನ ಚಿಲಕ ಕೂಡುವುದಿಲ್ಲ. ಮೊದಲು ಬೈಸಿಕೊಳ್ಳುವವನು ಬಡಿಗ. ಆಮೇಲೆ ವಾಸ್ತು.

ಹತ್ತಿದ್ದು ಬಂಡೆಯೋ ಗುಂಡೋ ತಿಳಿಯಲು ಸುತ್ತಿಗೆಯ ಸದ್ದೊಂದನ್ನೇ ನಂಬಬಾರದು, ದೊಡ್ಡ ಗುಂಡೂ ಠಣ್ ಅನ್ನುತ್ತದೆ. ಕಲ್ಲಿನ ಅಂಚು ಸಿಗುವವರೆಗೆ ಸುತ್ತ ಬಿಡಿಸಬೇಕು. ಅಂಚು ಒಳಕ್ಕೆ ಬಾಗಿದರೆ ಗುಂಡು. ಅಂಚೇ ಸಿಗದಿದ್ದರೆ ಡ್ರಿಲ್ ಹಚ್ಚಿ ಒಂದೂವರೆ ಮೀಟರ್ ಇಳಿಸಿ. ನಡುವೆ ಬಿಟ್ ಗಪ್ಪನೆ ಜಾರಿ ಮಣ್ಣು ಬಂದರೆ ಮಿರ್ಚಿ ವಾಪಸ್ ಇಸಿದುಕೊಳ್ಳಿ. ಗುಂಡನ್ನು ಒಡೆದು ತೆಗೆದು ಎಲ್ಲ ಮೂಲೆಗಳನ್ನೂ ಒಂದೇ ಥರದ ಗಟ್ಟಿ ಗರಸಿಗೆ ಇಳಿಸಬೇಕು. ಇಳಿಜಾರಿನಲ್ಲಿ ಪಾಯ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ, ಪ್ರತಿ ಮೆಟ್ಟಿಲಿನ ತಳವೂ ಮಟ್ಟಸವಾಗಿರಲಿ. ಮೇಲಿನ ಮಣ್ಣನ್ನು ಜೆಸಿಬಿ ಕೆಳಕ್ಕೆ ನೂಕಿ ಮಾಡಿದ ಸಪಾಟು ಜಾಗ ನೋಡಲು ಚೆಂದ, ಪಾಯಕ್ಕೆ ಮಾತ್ರ ಬೇಡ.

ಸೈಟಿನ ಕೆಳಗಿನ ಮೂಲೆಯಲ್ಲಿ ಎರಿ ಮಣ್ಣು ಸಿಕ್ಕಿದರೆ ಇನ್ನೊಂದು ಕಥೆ. ಮಳೆಗೆ ಉಬ್ಬಿ, ಬ್ಯಾಸಿಗೆಗೆ ಕೈ ತೂರುವಷ್ಟು ಬಿರಿಯುವ ಮಣ್ಣದು. ಪದರ ತೆಳುವಾಗಿದ್ದರೆ ಪೂರಾ ತೆಗೆಯಿರಿ, ದಪ್ಪವಿದ್ದರೆ ಎಂಜಿನಿಯರನ್ನು ಕರೆಯಿರಿ.

ಈ ಎರಿಯ ದೊಡ್ಡ ಕುಚೋದ್ಯ ಪಾಯಿಖಾನೆ ಟ್ಯಾಂಕಿನ ನೀರು ಇಂಗಿಸುವ ಇಂಗುಗುಂಡಿಯಲ್ಲಿ. ಏಪ್ರಿಲ್‌ನಲ್ಲಿ ಗುಂಡಿಗೆ ಎರಡು ಕೊಡ ನೀರು ಸುರಿದರೆ ಗಟಗಟ ಕುಡಿದುಬಿಡುತ್ತದೆ. ‘ಎಷ್ಟ್ ಹಾಕಿದ್ರೂ ಇಂಗತೈತ್ರೀ!’ ಅದು ಇಂಗಿದ್ದಲ್ಲ, ಬಿರುಕಿಗೆ ಬಿದ್ದದ್ದು. ಆಗಸ್ಟ್‌ನಲ್ಲಿ ಬಿರುಕು ಮುಚ್ಚಿ ಗುಂಡಿ ಕೆರೆಯಾಗುತ್ತದೆ, ಪಾಯಿಖಾನೆಯ ನೀರು ಬಂದ ದಾರಿಗೇ ತಿರುಗುತ್ತದೆ, ಅದೂ ಬೀಗರು ಬಂದ ದಿನವೇ.

ಅದಕ್ಕೇ ಪರೀಕ್ಷೆಗೆ ಮೊದಲು ಮಣ್ಣಿನ ದಾಹ ತೀರಿಸಬೇಕು. ನೀರು ಇಂಗಬೇಕಾದ ಆಳದಲ್ಲಿ 30 ಸೆಂ.ಮೀ. ಅಗಲದ ಕುಳಿ ತೋಡಿ, ಗುದ್ದಲಿ ಸವರಿ ನುಣುಪಾದ ಗೋಡೆ ಕೆರೆದು, ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಕಿ, ರಾತ್ರಿಯಿಡೀ ನೀರು ತುಂಬಿಡಿ. ಮರುದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ ಗಡಿಯಾರ ನೋಡಿ. 2.5 ಸೆಂ.ಮೀ. ಇಳಿಯಲು ಅರ್ಧ ತಾಸಿನೊಳಗಾದರೆ ಇಂಗುಗುಂಡಿ ನಡೆಯುತ್ತದೆ. ಅರ್ಧದಿಂದ ಒಂದು ತಾಸಾದರೆ ಇಳಿಜಾರಿಗೆ ಅಡ್ಡಲಾಗಿ ಜಲ್ಲಿ ತುಂಬಿದ ಕಾಲುವೆ ತೋಡಿ ನೀರು ಹರಡಬೇಕು. ತಾಸು ಮೀರಿದರೆ ಆ ಮಣ್ಣಿನ ಆಸೆ ಬಿಡಿ.

ತೀರಾ ಬೇಗ ಇಳಿದರೆ ಅದೂ ಅನುಮಾನವೇ. ಟ್ಯಾಂಕಿನಿಂದ ಹೊರಬೀಳುವ ನೀರು ಶುದ್ಧವಲ್ಲ, ಅದನ್ನು ಸೋಸುವುದು ಮಣ್ಣು. ಬಂಡೆಯ ಸೀಳಿಗೆ ಸೋಸುವ ಬುದ್ಧಿ ಇಲ್ಲ, ಸೀದಾ ಬೋರ್‌ವೆಲ್‌ಗೆ ಮುಟ್ಟಿಸುತ್ತದೆ. ಬಾವಿ, ಬೋರಿನಿಂದ 18 ಮೀಟರ್ ದೂರ, ಗುಂಡಿಯ ತಳಕ್ಕೂ ಬಂಡೆಗೂ ನಡುವೆ ಕನಿಷ್ಠ ಒಂದು ಮೀಟರ್ ಮಣ್ಣು ಇರಲಿ.

ತೋಟದ ಹುರುಪು ಗೃಹಪ್ರವೇಶ ಮುಗಿದ ಮೇಲೆ ಏರುತ್ತದೆ. ಗಟ್ಟಿ ಗರಸಿನಲ್ಲಿ ಮಾವಿಗೆಂದು ಒಂದು ಮೀಟರ್ ಗುಂಡಿ ತೋಡಿ, ಟ್ರ್ಯಾಕ್ಟರಿನಲ್ಲಿ ತರಿಸಿದ ಎರಿ ಮಣ್ಣು ತುಂಬಿದರೆ ಅದು ನೆಲದೊಳಗಿನ ತೂತಿಲ್ಲದ ಕುಂಡ. ಮಳೆ ನೀರು ನಿಂತು ಬೇರು ಕೊಳೆಯುತ್ತದೆ. ತೋಡಿದ ಗರಸನ್ನೇ ಅರ್ಧ ಬೆರೆಸಿ, ಇಳಿಜಾರಿನ ಕಡೆಗೆ ನೀರು ಹೊರಹೋಗಲು ಒಂದು ಸೀಳು ಬಿಡಿ. ತರಿಸಿದ ಮಣ್ಣಿಗೆ ನಿಂಬೆರಸ ಹಿಂಡಿ ನೋಡಿ. ಬುಸ್ ಅಂದರೆ ಸುಣ್ಣ ಜಾಸ್ತಿ. ಅಂಥ ಮಣ್ಣಿನಲ್ಲಿ ಕಬ್ಬಿಣದಂಶ ಬೇರಿಗೆ ದಕ್ಕುವುದಿಲ್ಲ. ನರ ಹಸಿರಾಗೇ ಉಳಿದು ಎಳೆ ಎಲೆ ಹಳದಿಯಾಗುತ್ತದೆ, ಯಜಮಾನರು ಇನ್ನೊಂದು ಬೊಗಸೆ ಯೂರಿಯಾ ಹಾಕುತ್ತಾರೆ. ಸೀತಾಫಲ, ಬೇವು ಮಾತ್ರ ಇದ್ಯಾವುದಕ್ಕೂ ಕೇರ್ ಮಾಡದೆ ಗರಸಿನಲ್ಲೇ ಬೆಳೆದುಕೊಳ್ಳುತ್ತವೆ.

ಈ ಪರೀಕ್ಷೆ ಯಾವುದನ್ನೂ ಮಾಡದವರ ಇಂಗುಗುಂಡಿಯೂ ಒಮ್ಮೊಮ್ಮೆ ವರ್ಷಗಟ್ಟಲೆ ತುಂಬುವುದಿಲ್ಲ. ನೀರು ಮಣ್ಣಿನಡಿಯ ಬಂಡೆಯ ಮೈಮೇಲೆ ಜಾರಿ ಕೆಳಗಿನ ಮನೆಯ ಹಿತ್ತಲಲ್ಲಿ ಏಳುತ್ತಿರುತ್ತದೆ. ಶ್ರಾವಣದಲ್ಲಿ ಆ ಮನೆಯ ಅಕ್ಕಾರು ಬುಟ್ಟಿ ತುಂಬ ಹಣ್ಣು ಹೊತ್ತು ಮೇಲೆ ಬರುತ್ತಾರೆ: ‘ತಗೋರಿ ವೈನಿ, ನಮ್ಮ ಹಿತ್ತಲ ಬಾಳಿ. ಒಂದು ಕೊಡ ನೀರು ಹಾಕಿಲ್ಲ ನೋಡ್ರಿ, ಹೆಂಗ ಗೊನಿ ಬಿಟ್ಟೈತಿ!’