ಇನ್ನೊಮ್ಮೆ ‘ನಾಬ್ ತಿರುಗಿಸಿ’ ಅಂದರೆ ನೋಡಿ

ಕ್ವಿಲ್ಟ್, ಅಂದರೆ ನಮ್ಮ ಕೌದಿಯಂಥ ಹೊದಿಕೆ ಹೊಲಿಯುವ ಲಾಂಗ್‌ಆರ್ಮ್ ಮಷೀನಿನ ಬಗ್ಗೆ ಯಾರನ್ನು ಏನೇ ಕೇಳಿ, ಉತ್ತರ ಒಂದೇ. ‘ಮೇಲಿನ ಟೆನ್ಷನ್ ನಾಬ್ ಸ್ವಲ್ಪ ತಿರುಗಿಸಿ ನೋಡಿ.’ ಮೇಲಿನ ದಾರದ ಬಿಗಿ ಹೆಚ್ಚು ಕಡಿಮೆ ಮಾಡುವ ಗುಂಡಿ ಅದು. ತಿರುಗಿಸಿದ್ದೇನೆ ಸ್ವಾಮಿ. ಬಲಕ್ಕೂ ಆಯಿತು, ಎಡಕ್ಕೂ ಆಯಿತು. ಇನ್ನು ನನ್ನ ತಲೆಯೊಂದು ತಿರುಗುವುದು ಬಾಕಿ.

ಈ ಮಷೀನು ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಮನೆಯ ಹೊಲಿಗೆ ಮಷೀನು ಇದ್ದಲ್ಲೇ ಇರುತ್ತದೆ, ಬಟ್ಟೆ ಸರಿಯುತ್ತದೆ. ಇಲ್ಲಿ ಉಲ್ಟಾ. ಕ್ವಿಲ್ಟನ್ನು 12 ಅಡಿ ಉದ್ದದ ಫ್ರೇಮಿಗೆ ಸುತ್ತಿರುತ್ತೇವೆ. ಹಿಡಿ ಹಿಡಿದು ಮಷೀನನ್ನೇ ಹಳಿಯ ಮೇಲೆ ಓಡಾಡಿಸಬೇಕು. ಮೇಲೆ ಬಟ್ಟೆ, ನಡುವೆ ಹತ್ತಿಯ ಪದರ (ಅದಕ್ಕೆ ಬ್ಯಾಟಿಂಗ್ ಅನ್ನುತ್ತಾರೆ), ಕೆಳಗೆ ಅಸ್ತರು. ಮೇಲಿನ ದಾರ ಮತ್ತು ಕೆಳಗಿನ ಬಾಬಿನ್ ದಾರ ಒಂದಕ್ಕೊಂದು ಸಿಕ್ಕಿಕೊಳ್ಳುವ ಜಾಗ ಆ ಹತ್ತಿಯೊಳಗೇ ಅಡಗಿರಬೇಕು. ಮೇಲಿನ ದಾರ ಜಾಸ್ತಿ ಬಿಗಿಯಾದರೆ ಬಾಬಿನ್ ದಾರ ಚುಕ್ಕೆ ಚುಕ್ಕೆಯಾಗಿ ಮೇಲೆ ಬರುತ್ತದೆ. ಸಡಿಲವಾದರೆ ಹಿಂದುಗಡೆ ಬಾಬಿನ್ ದಾರ ನೆಟ್ಟಗೆ ಮಲಗಿರುತ್ತದೆ, ಮೇಲಿನ ದಾರ ಅದರ ಮೇಲೆ ಕುಣಿಕೆ ಕುಣಿಕೆಯಾಗಿ ಜೋಲುತ್ತದೆ.

ನನ್ನ ಸಮಸ್ಯೆ ಇಷ್ಟೇ. ನೇರ ಗೆರೆ ಹೊಲಿದರೆ ಮಷೀನು ಅಪ್ಪಟ ಚಿನ್ನ. ತಿರುವು ಬಂತೋ, ಹಿಂದುಗಡೆ ಸಾಲು ಸಾಲು ಕುಣಿಕೆ. ಈ ಕಸುಬಿನವರು ಅದಕ್ಕೆ ರೆಪ್ಪೆಗೂದಲು ಅನ್ನುತ್ತಾರೆ. ಕೇಳಲು ಚೆಂದ. ಗಿರಾಕಿಯ ಕ್ವಿಲ್ಟಿನ ಕಡುನೀಲಿ ಅಸ್ತರಿನ ಮೇಲೆ ಬಿಳಿ ದಾರದ ರೆಪ್ಪೆ ಕಂಡಾಗ ಗೊತ್ತಾಗುತ್ತದೆ ಚೆಂದ ಏನು ಅಂತ. ಒಂದು ಇಂಚಿಗೆ ಹತ್ತು ಹೊಲಿಗೆ. ಹೊಲಿಯಲು ನಿಮಿಷ ಸಾಕು, ಬಿಚ್ಚಲು ಇಡೀ ಸಂಜೆ ಬೇಕು.

ಮಾರಿದವರಿಗೆ ಫೋನ್ ಮಾಡಿದೆ. ಕೊಳ್ಳುವಾಗ ಕಾಫಿ ಕೊಟ್ಟು ಕೂರಿಸಿದ ಜನ ಈಗ ಸಂಗೀತ ಕೇಳಿಸುತ್ತಾ ಕಾಯಿಸುತ್ತಾರೆ. ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ‘ದಾರ ತೆಗೆದು ಮತ್ತೆ ಹಾಕಿ ನೋಡಿದ್ರಾ ಮೇಡಂ?’ ನೋಡಿದ್ದೇನೆ. ‘ಸೂಜಿ?’ ಹೊಸದು. ಅಳತೆ 110/18, ಅಂದರೆ ನಿಮ್ಮದೇ ಪುಸ್ತಕದಲ್ಲಿ ಬರೆದಿರುವ 4.0. ಇದರ ಸೂಜಿಯ ಬುಡ ದುಂಡಗೆ, ಮನೆ ಮಷೀನಿನ ಸೂಜಿಯ ಹಾಗೆ ಚಪ್ಪಟೆ ಬದಿ ಇಲ್ಲ. ಹೇಗೆ ಬೇಕಾದರೂ ತಿರುಗಿ ಕೂರುತ್ತದೆ. ಅದನ್ನೂ ಭೂತಗನ್ನಡಿ ಹಿಡಿದು ನೆಟ್ಟಗೆ ಕೂರಿಸಿದ್ದೇನೆ. ಅವನಿಗೆ ಅದು ಬೇಡ. ‘ಹಾಗಾದ್ರೆ ನಾಬ್ ಸ್ವಲ್ಪ...’

ಬಾಬಿನ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ! ಮೊದಲು ಬಾಬಿನ್, ಆಮೇಲೆ ಮೇಲಿನ ದಾರ. ಇದು ಈ ಕೆಲಸದ ಅ ಆ ಇ ಈ. ಬಾಬಿನ್ ಕೇಸಿನ ಸಣ್ಣ ತಿರುಪನ್ನು ಗಡಿಯಾರದ ಮುಳ್ಳು ಐದು ನಿಮಿಷಕ್ಕೆ ಸರಿಯುವಷ್ಟು ತಿರುಗಿಸಿದರೂ ಹೊಲಿಗೆ ಬದಲಾಗುತ್ತದೆ. ಕೇಸಿನ ತಗಡಿನ ಸ್ಪ್ರಿಂಗ್ ಅಡಿ ಒಂದು ಎಳೆ ನೂಲುಧೂಳು ಸಿಕ್ಕಿಕೊಂಡರೂ ಸಾಕು, ದಾರ ಸಡಿಲವಾಗಿ ಓಡುತ್ತದೆ. ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿ ತೆಗೆದೆ. ಎಳೆತ ಅಳೆಯುವ ಟೋವಾ ಗೇಜನ್ನು ಕೈಯಿಂದ ಕಾಸು ಕೊಟ್ಟು ತರಿಸಿದೆ. ಮುಳ್ಳು 20ರ ಹತ್ತಿರ ನಿಂತಿತು. ನನ್ನ ದಾರಕ್ಕೆ ಅದು ಸರಿಯಾದ ಲೆಕ್ಕವೇ. ಹುಡುಗನಿಗೆ ಅದನ್ನು ಹೇಳಿದರೆ, ‘ಅದೆಲ್ಲ ಬೇಡ ಮೇಡಂ, ತುಂಬಾ ಯೋಚನೆ ಮಾಡ್ತೀರಿ’ ಅಂದ. ಇಷ್ಟು ದುಡ್ಡು ಕೊಟ್ಟವಳು ಯೋಚನೆ ಮಾಡದೆ ಇನ್ನೇನು ಮಾಡಬೇಕು? ಹಳೇ ಕಾರೊಂದನ್ನು ಕೊಳ್ಳಬಹುದಿತ್ತು ಆ ದುಡ್ಡಿಗೆ.

ಧಾರವಾಡದಿಂದ ಅವ್ವ ಫೋನ್ ಮಾಡಿದಾಗ ಅವಳ ಮುಂದೆ ಗೋಳು ತೋಡಿಕೊಂಡೆ. ಅವಳು, ‘ನಿಮ್ಮಜ್ಜಿ ಕೌದಿ ಹೊಲಿಯೂಮುಂದ ಯಾವ ನಾಬ್ ಇತ್ತವಾ? ಕೈಲೇ ಹೊಲಿ, ಸುಮ್ಮನ ರೊಕ್ಕ ಹಾಳ್ ಮಾಡಬ್ಯಾಡ’ ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅಜ್ಜಿಗೆ ಇದ್ದದ್ದು ಒಂದೇ ದಾರ, ಎಳೆತ ಬೆರಳಲ್ಲೇ ಇತ್ತು. ಆದರೆ ಅಜ್ಜಿ ನನ್ನ ಹಾಗೆ ಅಮೆರಿಕದ ಒಹಾಯೊದ ಗಿರಾಕಿಗಳಿಗೆ ತಾರೀಖು ಕೊಟ್ಟು ಹೊಲಿಯುತ್ತಿರಲಿಲ್ಲವಲ್ಲ.

ಕಡೆಗೂ ಟೆಕ್ನಿಷಿಯನ್ ಬಂದ. ಬರುವ ಮೊದಲೇ ದಾರಿ ಖರ್ಚಿನ ಬಿಲ್ ಬಂದಿತ್ತು. ನೆಲಮಾಳಿಗೆಗೆ ಇಳಿದ. ಫ್ರೇಮ್ ಮೇಲಿದ್ದ ನನ್ನ ಕ್ವಿಲ್ಟಿನ ಪಕ್ಕದಲ್ಲಿ ತೆಳುವಾದ ಬಿಳಿ ಕೋರಾ ಬಟ್ಟೆಯ ತುಂಡು ಹಾಕಿದ. ಮೇಲೂ ಬಿಳಿ ದಾರ, ಕೆಳಗೂ ಬಿಳಿ ದಾರ. ಎಡದಿಂದ ಬಲಕ್ಕೆ ಒಂದು ಗೇಣು ನೇರ ಗೆರೆ ಎಳೆದ. ‘ಪರ್ಫೆಕ್ಟ್’ ಅಂದ. ಅಷ್ಟೇ. ರಸೀದಿಗೆ ಸಹಿ.

ಅಲ್ಲಪ್ಪಾ, ನೇರ ಗೆರೆ ಸರಿ ಬರುತ್ತದೆ ಅಂತ ನಾನೇ ಹೇಳಿದ್ದೆನಲ್ಲ! ತಿರುವಿನಲ್ಲಿ ಮಷೀನು ಪಕ್ಕಕ್ಕೂ ಹಿಂದಕ್ಕೂ ಓಡುತ್ತದೆ. ಓಡುವ ಭರಕ್ಕೆ ಸೂಜಿ ಬಟ್ಟೆಯೊಳಗೆ ಇರುವಾಗಲೇ ಕೊಂಚ ಬಾಗುತ್ತದೆ. ಕೆಳಗಿನ ಕೊಕ್ಕೆ ಸೂಜಿಯ ದಾರವನ್ನು ಹಿಡಿಯುವ ಗಳಿಗೆ ತಪ್ಪುತ್ತದೆ. ಬಟ್ಟೆಯನ್ನು ಫ್ರೇಮಿಗೆ ತಮಟೆಯ ಹಾಗೆ ಬಿಗಿದಿದ್ದರೆ ಇನ್ನೂ ಕೆಟ್ಟದು. ನಾನು ಹಾಗೆ ಬಿಗಿಯುವುದಿಲ್ಲ. ಕೆಳಗಿನಿಂದ ಬೆರಳು ಒತ್ತಿದರೆ ಮೇಲಿನಿಂದ ಅದನ್ನು ಹಿಡಿಯುವಷ್ಟು ಸಡಿಲ ಬಿಟ್ಟಿದ್ದೇನೆ. ‘ಒಂದು ಸುತ್ತು ಹೊಲಿದು ತೋರಿಸಿ, ಕೆಳಗೆ ಕೆಂಪು ದಾರ ಹಾಕಿ’ ಅಂದೆ. ‘ನಿಧಾನಕ್ಕೆ ಹೊಲೀರಿ, ಸರಿ ಹೋಗುತ್ತೆ. ಎಲ್ಲಾ ಆಪರೇಟರ್ ಮೇಲೆ ಇರುತ್ತೆ’ ಅಂತ ಉಪದೇಶ ಮಾಡಿ, ವ್ಯಾನ್ ಹತ್ತಿ ಹೋದ.

ಆಪರೇಟರ್ ಮೇಲಂತೆ! ಮಷೀನು ಸರಿಯಿದ್ದರೆ ಅವರ ಇಂಜಿನಿಯರಿಂಗ್, ಕೆಟ್ಟರೆ ನನ್ನ ಕೈ.

ಅವತ್ತು ರಾತ್ರಿ ಟಾರ್ಚ್ ಹಾಕಿ ಕೂತೆ. ಟೆನ್ಷನ್ ಬಿಲ್ಲೆಗಳ ಪಕ್ಕದಲ್ಲಿ ಒಂದು ಸಣ್ಣ ತಂತಿ ಸ್ಪ್ರಿಂಗ್ ಇರುತ್ತದೆ, ಚೆಕ್ ಸ್ಪ್ರಿಂಗ್. ಪ್ರತಿ ಹೊಲಿಗೆಗೂ ಜೋಲು ಬಿದ್ದ ದಾರವನ್ನು ಎಳೆದು ಹಿಡಿಯುವುದು ಅದರ ಕೆಲಸ. ಮಷೀನನ್ನು ಕೈಚಕ್ರದಲ್ಲಿ ತಿರುಗಿಸುತ್ತಾ ನೋಡಿದೆ. ಸ್ಪ್ರಿಂಗ್ ಒಮ್ಮೆ ಪೂರ್ತಿ ವಾಪಸ್ ಬರುತ್ತದೆ, ಒಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ದಾರ ಉಜ್ಜಿ ಉಜ್ಜಿ ತಂತಿಯಲ್ಲಿ ಗೀರು ಬಿದ್ದಿದೆ. ನಿಧಾನವಾಗಿ ನೇರಕ್ಕೆ ಹೊಲಿದರೆ ಹೇಗೋ ಸಾಗುತ್ತದೆ. ವೇಗವಾಗಿ ತಿರುಗಿಸಿದರೆ ಜೋಲನ್ನು ಎಳೆಯುವವರೇ ಇಲ್ಲ. ಮಷೀನಿನ ಮೂತಿಯ ಮೇಲೇ, ಆ ಮಹಾ ನಾಬಿನ ಪಕ್ಕದಲ್ಲೇ ಇರುವ ಭಾಗ ಅದು. ಆ ಟೆಕ್ನಿಷಿಯನ್ ಮೂಗಿನಿಂದ ಒಂದು ಗೇಣು ದೂರ ಇತ್ತು.

ಸ್ಪ್ರಿಂಗಿನ ಬೆಲೆ ಕೇಳಿದೆ. ಅವನ ದಾರಿ ಖರ್ಚಿನ ಪಕ್ಕದಲ್ಲಿ ಇಟ್ಟರೆ ಚಿಲ್ಲರೆ ಕಾಸು. ಆದರೆ ಸ್ಟಾಕ್ ಇಲ್ಲವಂತೆ, ಬಂದಾಗ ತಿಳಿಸುತ್ತಾರಂತೆ. ‘ಅಲ್ಲೀವರೆಗೆ ನಾಬ್ ಸ್ವಲ್ಪ ಬಿಗಿ ಮಾಡ್ಕೊಳ್ಳಿ ಮೇಡಂ’ ಅಂತ ಅದೇ ಹುಡುಗ.

ಇವತ್ತು ಬೆಳಗ್ಗೆ ಅಂಗಡಿಯವರಿಗೆ ಬರೆದು ಹಾಕಿದ್ದೇನೆ. ಆ ಬಿಲ್ಲಿನ ಹಣ ವಾಪಸ್ ಬರಬೇಕು. ಮುಂದೆ ಯಾರನ್ನೇ ಕಳಿಸಿದರೂ ನನ್ನ ಕ್ವಿಲ್ಟಿನ ಮೇಲೇ, ನನ್ನ ಬ್ಯಾಟಿಂಗ್ ಹಾಕಿ, ಮೇಲೆ ಕೆಳಗೆ ಬೇರೆ ಬೇರೆ ಬಣ್ಣದ ದಾರದಲ್ಲಿ ಸುತ್ತು ಹೊಲಿದು ತೋರಿಸಬೇಕು. ಆಮೇಲೆ ರಸೀದಿಗೆ ಸಹಿ. ಅದಾಗದಿದ್ದರೆ ಪೆಟ್ರೋಲ್ ಸುಟ್ಟುಕೊಂಡು ಬರುವುದೇ ಬೇಡ.