ಬೀಗದ ಕೈ ಯಾರ ಬಳಿ ಇದೆ?

ಕಳೆದ ವರ್ಷ ನನ್ನ ಸೋದರಮಾವನ ಮಗನನ್ನು ನೋಡಲು ಬೆಂಗಳೂರಿನ ಹೊರವಲಯದ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಿದ್ದೆ. ಮೂರು ಅಂತಸ್ತಿನ ಬಾಡಿಗೆ ಮನೆ, ಒಂದೇ ಮೆಟ್ಟಿಲು. ಮೊದಲ ಮಹಡಿಯಲ್ಲಿ ಮೆಟ್ಟಿಲು ಮುಗಿಯುವ ಕಡೆ ಕಬ್ಬಿಣದ ಗ್ರಿಲ್ ಗೇಟು, ಅದಕ್ಕೊಂದು ದೊಡ್ಡ ಬೀಗ. ಬೀಗದ ಕೈ ಇಟ್ಟುಕೊಂಡಿದ್ದವರು ಟೀ ಕುಡಿಯಲು ಹೋಗಿದ್ದರು. ಅವರು ಬರುವವರೆಗೆ ಸುಮಾರು 20 ನಿಮಿಷ ನಾನು ಗೇಟಿನ ಈಚೆ, ಅವನು ಆಚೆ ನಿಂತು ಮಾತಾಡಿದೆವು. ಕಟ್ಟಡ ಕಟ್ಟಿಸುವುದನ್ನೇ ಕಸುಬು ಮಾಡಿಕೊಂಡವನ ಕಣ್ಣು ಎಲ್ಲಿ ಹೋಗುತ್ತದೆಯೋ ಅಲ್ಲಿಗೇ ನನ್ನ ಕಣ್ಣೂ ಹೋಯಿತು. ಅವನ ಮುಖಕ್ಕಿಂತ ಹೆಚ್ಚು ಹೊತ್ತು ನಾನು ಆ ಗೇಟಿನ ಕೀಲುಗಳನ್ನು ನೋಡುತ್ತಿದ್ದೆ ಎಂಬುದಕ್ಕೆ ಈಗ ನಾಚಿಕೆಯಾಗುತ್ತದೆ.

ಇಂಥ ಮನೆಗಳು ಕಾನೂನಿನ ಕಣ್ಣಿಗೆ ಬರೀ ಮನೆಗಳಲ್ಲ. 2018ರ ಮೇ 29ರಂದು ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯೊಳಗೆ ಸೇರಿಸಿದೆ. ಆದ್ದರಿಂದ ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಜಾಗವು ನೋಂದಣಿ ಮಾಡಿಸಬೇಕು, ಕನಿಷ್ಠ ಮಾನದಂಡಗಳನ್ನು ಪಾಲಿಸಬೇಕು. ಕಾಯ್ದೆಯ 20ನೇ ಕಲಮು ಸುರಕ್ಷಿತ ಮತ್ತು ಶುಚಿಯಾದ ಪರಿಸರ, ಖಾಸಗಿತನ, ಇಚ್ಛೆಪಟ್ಟರೆ ಸ್ವಂತ ಬಟ್ಟೆ ತೊಡುವ ಅವಕಾಶ, ಬಲವಂತವಾಗಿ ತಲೆ ಬೋಳಿಸದಿರುವುದು ಮುಂತಾದವನ್ನು ಹಕ್ಕುಗಳೆಂದು ಹೇಳುತ್ತದೆ. ಓದುವವರಿಗೆ ಇವು ನೀತಿಯ ಮಾತುಗಳಂತೆ ಕಾಣಬಹುದು; ನಕ್ಷೆ ಬರೆಯುವವನಿಗೆ ಇವು ಅಳತೆಗಳು. ಸ್ವಂತ ಬಟ್ಟೆ ತೊಡಬಹುದು ಎಂದರೆ ಪ್ರತಿ ಮಂಚದ ಪಕ್ಕದಲ್ಲಿ ಒಂದು ಕಪಾಟು ಇರಬೇಕು. ಖಾಸಗಿತನ ಎಂದರೆ ಸ್ನಾನದ ಮನೆಗೆ ಬಾಗಿಲು ಇರಬೇಕು, ಆದರೆ ಒಳಗಿರುವವರು ಕುಸಿದು ಬಿದ್ದರೆ ಸಿಬ್ಬಂದಿ ಹೊರಗಿನಿಂದ ತೆರೆಯಲು ಆಗುವಂತಿರಬೇಕು.

ಇಲ್ಲೆಲ್ಲ ಬಗೆಹರಿಯದೆ ಉಳಿಯುವುದು ಬೀಗದ ಪ್ರಶ್ನೆ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ನಂಬಿಕೆಯನ್ನು ಆಶ್ರಯಿಸಿ ನಡೆಯುತ್ತಿದ್ದ, ಮಾನಸಿಕ ಅಸ್ವಸ್ಥರ ಖಾಸಗಿ ಆಶ್ರಯಧಾಮವೊಂದರ ಚಪ್ಪರಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಿದ್ದರು. 28 ಜನ ಸತ್ತರು. ಸುಪ್ರೀಂ ಕೋರ್ಟು ಪತ್ರಿಕೆಯ ಸುದ್ದಿಯನ್ನು ನೋಡಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಈಗಿನ ಕಾಯ್ದೆಯ 95ನೇ ಕಲಮು ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. 97ನೇ ಕಲಮು ಏಕಾಂತ ಬಂಧನವನ್ನು ನಿಷೇಧಿಸಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಮನೋವೈದ್ಯರ ಅನುಮತಿಯಿಂದ ದೈಹಿಕ ನಿರ್ಬಂಧಕ್ಕೆ ಅವಕಾಶ ಕೊಟ್ಟಿದೆ. ಕಾಲಿನ ಸರಪಳಿಯೇನೋ ಹೋಯಿತು. ಆದರೆ ಅದೇ ಕೆಲಸವನ್ನು ಕಟ್ಟಡವು ಗೋಡೆಗೆ ಹುಗಿದ ಗ್ರಿಲ್ಲುಗಳಿಂದ ಮಾಡತೊಡಗಿದರೆ ಅದನ್ನು ಸರಪಳಿ ಎಂದು ಯಾರೂ ಕರೆಯುವುದಿಲ್ಲ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ವರ್ಗೀಕರಣದಲ್ಲಿ ಮನೋರೋಗಿಗಳ ಆಸ್ಪತ್ರೆಗಳು ಜೈಲುಗಳ ಜೊತೆಯಲ್ಲಿ, ‘ಸಿ-3’ ಎಂಬ ಒಂದೇ ಉಪವರ್ಗದಲ್ಲಿ ಕೂತಿವೆ. ಸಾಮಾನ್ಯ ಆಸ್ಪತ್ರೆಯದು ಸಿ-1. ಈ ನೆರೆಹೊರೆ ನನಗೆ ಮೊದಲಿನಿಂದಲೂ ಕಸಿವಿಸಿ ಉಂಟುಮಾಡಿದೆ. ಆದರೂ ಸಂಹಿತೆಗೆ ಅನ್ಯಾಯ ಮಾಡಬಾರದು. ಹೊರಹೋಗುವ ಬಾಗಿಲನ್ನು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯಲು ಬರಬೇಕು ಎಂಬುದು ಅದರ ಸಾಮಾನ್ಯ ನಿಯಮ. ಬೀಗ ಹಾಕಲೇಬೇಕಾದ ಕಡೆಗಳಲ್ಲಿ, ಬೆಂಕಿ ಬಿದ್ದರೆ ಒಳಗಿನವರನ್ನು ತಕ್ಷಣ ಬಿಡಿಸಲು ನಂಬಬಹುದಾದ ವ್ಯವಸ್ಥೆ ಇರಬೇಕು ಎಂದೂ ಅದು ಹೇಳುತ್ತದೆ. ಟೀ ಅಂಗಡಿಯಲ್ಲಿ ಕೂತ ಒಬ್ಬ ಮನುಷ್ಯನ ಜೇಬು ಅಂಥ ವ್ಯವಸ್ಥೆ ಆಗಲಾರದು.

ವಿದ್ಯುತ್ಕಾಂತೀಯ ಬೀಗ ಹಾಕಿದರೆ ಆಯಿತು ಎನ್ನುವವರಿದ್ದಾರೆ. ಅಗ್ನಿ ಎಚ್ಚರಿಕೆ ಗಂಟೆ ಮೊಳಗಿದೊಡನೆ, ಅಥವಾ ಕರೆಂಟು ಹೋದೊಡನೆ ಆ ಬೀಗ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದರ ಗುಣವೇ ಅದು. ಆದರೆ ನಮ್ಮಲ್ಲಿ ಕರೆಂಟು ದಿನಕ್ಕೆರಡು ಸಲ ಹೋಗುವ ಬಡಾವಣೆಗಳಿವೆ. ಪ್ರತಿ ಸಲ ಬಾಗಿಲು ತೆರೆದುಕೊಂಡರೆ ನಡೆಸುವವರು ಏನು ಮಾಡುತ್ತಾರೆ? ಮೂರನೆಯ ದಿನ ಮೇಲೊಂದು ಚಿಲಕ ಹೊಡೆಸಿ ಹಳೆಯ ಬೀಗವನ್ನೇ ತಗುಲಿಸುತ್ತಾರೆ. ತಪಾಸಣೆಗೆ ಬಂದವರಿಗೆ ದುಬಾರಿಯ ಬೀಗ ಕಾಣುತ್ತದೆ, ಒಳಗಿರುವವರಿಗೆ ಅಗ್ಗದ್ದು. ಬೀಗಕ್ಕೆ ಪ್ರತ್ಯೇಕ ಬ್ಯಾಟರಿ ಕೊಟ್ಟು, ಎಚ್ಚರಿಕೆ ಗಂಟೆ ಬಾರಿಸಿದಾಗ ಬ್ಯಾಟರಿಯ ಸಂಪರ್ಕವೂ ಕಡಿದುಹೋಗುವಂತೆ ತಂತಿ ಎಳೆಯುವುದು ಕಷ್ಟದ ಕೆಲಸವೇನಲ್ಲ. ಆದರೆ ಅದನ್ನು ಮಾನದಂಡದಲ್ಲಿಯೇ ಬರೆದಿರಬೇಕು. ಎಲೆಕ್ಟ್ರಿಷಿಯನ್‌ನ ವಿವೇಕಕ್ಕೆ ಬಿಡಬಾರದು.

ಭದ್ರತೆ ಎಂದರೆ ಗ್ರಿಲ್ಲು ಎಂಬ ಎಣಿಕೆ ನಮಗೆ ಯಾವಾಗ ಬಂತೋ ತಿಳಿಯದು. ಹಳೆ ಮೈಸೂರಿನ ತೊಟ್ಟಿ ಮನೆಗೆ ಹೊರಗೋಡೆಯಲ್ಲಿ ದೊಡ್ಡ ಕಿಟಕಿಗಳಿಲ್ಲ, ಒಳಗೆ ಬರಲು ಸಾಮಾನ್ಯವಾಗಿ ಒಂದೇ ತಲೆಬಾಗಿಲು. ಆದರೂ ಅದರೊಳಗೆ ಕೂಡಿಹಾಕಿದಂತೆ ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ನಡುವೆ ಆಕಾಶವಿದೆ. ಜಗುಲಿಯಲ್ಲಿ ಕೂತ ಒಬ್ಬರಿಗೆ ಎಲ್ಲ ಕೋಣೆಗಳ ಬಾಗಿಲೂ ಕಾಣುತ್ತದೆ; ಕ್ಯಾಮೆರಾ ಬೇಕಿಲ್ಲ. ನೆಲಮಹಡಿಯಲ್ಲಿಯೇ, ಅಂಗಳದ ಸುತ್ತ, ತನಗೆ ತಾನೇ ಹಾನಿ ಮಾಡಿಕೊಳ್ಳಲು ಆಸ್ಪದ ಕೊಡದಂಥ ಕೊಕ್ಕೆ, ಕಿಟಕಿ, ಗಾಜುಗಳನ್ನು ಬಳಸಿ, ಹಿಂಬದಿಗೆ ಎರಡನೆಯ ಬಾಗಿಲೊಂದನ್ನು ಇಟ್ಟು ಕಟ್ಟಿದರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ನಕ್ಷೆ ನನಗೆ ತೋಚುವುದಿಲ್ಲ. ಬೆಂಗಳೂರಿನಲ್ಲಿ ಅಷ್ಟು ಜಾಗ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು. ನಿಜ, 30-40 ನಿವೇಶನದಲ್ಲಿ ಅದು ಆಗದು. ಹಾಗಾದರೆ 30-40 ನಿವೇಶನದಲ್ಲಿ ಮೂವತ್ತು ಜನರನ್ನು ಬೀಗದೊಳಗೆ ಇಡುವುದೂ ಆಗದು ಎಂದು ಹೇಳಬೇಕಾದೀತು.

ಮಾನದಂಡ ಬಿಗಿಯಾದರೆ ಸಣ್ಣ ಕೇಂದ್ರಗಳು ಮುಚ್ಚಿಹೋಗುತ್ತವೆ, ಆಗ ಮನೆಯವರು ಎಲ್ಲಿಗೆ ಹೋಗಬೇಕು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಮಾವನಿಗೂ ಬೇರೆ ಜಾಗ ಸಿಕ್ಕಿರಲಿಲ್ಲ. ಆದ್ದರಿಂದಲೇ ಎಲ್ಲವನ್ನೂ ಒಂದೇ ದಿನ ಕೇಳುವ ಬದಲು ಬೀಗದಿಂದ ಆರಂಭಿಸಿ ಎನ್ನುತ್ತೇನೆ: ಪ್ರತಿ ಮಹಡಿಯಲ್ಲಿ ರಾತ್ರಿಯೂ ಎಚ್ಚರವಿರುವ ಒಬ್ಬರು, ಅವರ ಬಳಿ ಆ ಮಹಡಿಯ ಬೀಗದ ಕೈ, ಇನ್ನೊಂದು ಬೀಗದ ಕೈ ಕೆಳಗಿನ ಕಚೇರಿಯಲ್ಲಿ, ಜೊತೆಗೆ ಎರಡನೆಯ ಮೆಟ್ಟಿಲು. ಮೆಟ್ಟಿಲಿನ ಹೊರತು ಉಳಿದದ್ದಕ್ಕೆ ಸಂಬಳ ಬೇಕೇ ವಿನಾ ಸಿಮೆಂಟು ಬೇಡ.

ಅಂದು ಹೊರಡುವಾಗ ಆ ಕೇಂದ್ರದವರಿಗೆ ಇನ್ನೊಂದು ಬೀಗದ ಕೈ ಮಾಡಿಸಿ ಇಡಿ ಎಂದೆ. ಅವರು ವಿನಯದಿಂದಲೇ, “ಇನ್ನೊಂದು ಮಾಡಿಸಿದರೆ ಯಾರಾದರೂ ಕದ್ದುಬಿಡುತ್ತಾರೆ ಸಾರ್” ಎಂದರು. ಎರಡು ವಾರದ ನಂತರ ಹೋದಾಗ ಗೇಟಿಗೆ ಹೊಸ ಬಣ್ಣ ಬಳಿದಿದ್ದರು.