ತೇಲುವ ಹೋಟೆಲು ನಮ್ಮ ಕೆರೆಗಳಿಗೆ ಬೇಡ

ಥಾಯ್ಲೆಂಡಿನ ಖೋನ್ ಕೇನ್ ಪ್ರಾಂತ್ಯದ ಉಬೋಲ್ ರತನಾ ಜಲಾಶಯದ ದಡದಲ್ಲಿರುವ ‘ಬಾಂಗ್ ಸೇನ್ 2’ ತೀರವನ್ನು ವರ್ಣಿಸಿ, ಬೆಂಗಳೂರಿನ ಕೆರೆಗಳಲ್ಲೂ ಅಂಥ ತೇಲುವ ಹೋಟೆಲುಗಳಿರಲಿ ಎಂದ ಲೇಖನವೊಂದನ್ನು ಓದಿದೆ. ಅದರ ವರ್ಣನೆ ಬಹಳ ಹಿಡಿಸಿತು. ಸಮುದ್ರದಿಂದ ದೂರವಿರುವ ಸೀಮೆಯ ಜನರು 1966ರಲ್ಲಿ ಉದ್ಘಾಟನೆಗೊಂಡ ಅಣೆಕಟ್ಟಿನ ಹಿನ್ನೀರನ್ನೇ ತಮ್ಮ ಕಡಲತೀರವನ್ನಾಗಿ ಮಾಡಿಕೊಂಡು, ತೆಪ್ಪದ ಮೇಲಿನ ಹೋಟೆಲಿನಲ್ಲಿ ಕುಳಿತು ಸುಟ್ಟ ಮೀನು, ಪಪ್ಪಾಯಿ ಕಾಯಿಯ ಸಲಾಡ್ ತಿನ್ನುತ್ತಾ ಇಡೀ ದಿನ ಕಳೆಯುವುದು ನಮ್ಮಂತಹ ಒಳನಾಡಿನ ನಗರದವರಲ್ಲಿ ಆಸೆ ಹುಟ್ಟಿಸುವಂಥದ್ದೇ.

ಆದರೆ ಲೇಖಕರ ಆ ಸಲಹೆಯನ್ನು ಒಪ್ಪಲಾರೆ. ಥಾಯ್ಲೆಂಡಿನದು ನದಿಗೆ ಅಡ್ಡಲಾಗಿ ಕಟ್ಟಿದ ವಿಶಾಲ ಜಲಾಶಯ. ನಮ್ಮವು ಮಳೆನೀರು ಹಿಡಿದಿಡಲು ಕಟ್ಟಿದ, ಹೆಚ್ಚು ಆಳವಿಲ್ಲದ ಕೆರೆಗಳು. ರಾಜಕಾಲುವೆಗಳಲ್ಲಿ ಮಳೆನೀರಿನ ಜೊತೆ ಕೊಳಚೆಯೂ ಹರಿದು ಬರುವುದರಿಂದ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿರಾಶಿ ಮೀನು ಸತ್ತು ತೇಲಿದ್ದನ್ನು ನಗರ ಮರೆಯಬಾರದು. ಈಗಲೂ ಅಲ್ಲಿ ದಡದ ಕಂಬಿಯ ಬಳಿ ಬಗ್ಗಿ ನೋಡಿದರೆ ಪಾಚಿಯ ಅಂಚಿಗೆ ಅಂಟಿಕೊಂಡ ಕಾಗದದ ಲೋಟ, ಚಿಪ್ಸ್ ಪೊಟ್ಟಣಗಳು ಕಾಣುತ್ತವೆ. ಇಂತಹ ನೀರಿನ ಮೇಲೆ ಅಡುಗೆಮನೆಯನ್ನೇ ತೇಲಿಸಿದರೆ, ಪಾತ್ರೆ ತೊಳೆದ ಜಿಡ್ಡುನೀರು, ಸೋಪಿನ ನೊರೆ, ಎಂಜಲು ಹೋಗುವುದಾದರೂ ಎಲ್ಲಿಗೆ? ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಕಂಡ ಮೇಲೂ ಈ ಪ್ರಶ್ನೆ ಕೇಳದಿರುವುದು ಸರಿಯಲ್ಲ.

ಊಟದ ವ್ಯವಸ್ಥೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೆರೆಯ ಅಂಚಿನಿಂದ ಸಾಕಷ್ಟು ದೂರದಲ್ಲಿ, ಒಳಚರಂಡಿ ಸಂಪರ್ಕವಿರುವ ಕಡೆ ಒಂದು ದರ್ಶಿನಿ, ಸ್ವಚ್ಛವಾದ ಶೌಚಾಲಯ, ಹಿರಿಯರು ಕೂರಲು ನೆರಳಿನ ಕಟ್ಟೆ ಇರಲಿ. ನೀರಿನಲ್ಲಿ ಹುಟ್ಟುಗೋಲಿನಿಂದ ನಡೆಸುವ ದೋಣಿಗಳಷ್ಟೇ ಸಾಕು, ಅವೂ ಹಕ್ಕಿಗಳು ಗೂಡು ಕಟ್ಟುವ ಭಾಗದಿಂದ ದೂರವಿರಲಿ.